ನಿಮಗೆ ತುಂಬಾ ಇಷ್ಟವಾದ ಡಾರ್ಕ್ ಕಾಮಿಡಿ ಕ್ರೈಮ್ ಸಿನಿಮಾ ಯಾವುದು? ಯಾಕೆ?
ಕೋಯನ್ ಸಹೋದರರ 'ಫಾರ್ಗೋ' (1996). ಅಮೆರಿಕದ ಮಿನೆಸೋಟಾ, ಎಲ್ಲಿ ನೋಡಿದರೂ ಹಿಮ. ದುಡ್ಡಿನ ತಾಪತ್ರಯದಲ್ಲಿರುವ ಕಾರ್ ಸೇಲ್ಸ್‌ಮ್ಯಾನ್ ಜೆರ್ರಿ, ಶ್ರೀಮಂತ ಮಾವನಿಂದ ಹಣ ಕೀಳಲು ಸ್ವಂತ ಹೆಂಡತಿಯನ್ನೇ ಕಿಡ್ನ್ಯಾಪ್ ಮಾಡಿಸುತ್ತಾನೆ. ಆಮೇಲೆ ಹೆಣಗಳ ಮೇಲೆ ಹೆಣ.

ಒಂದು ದೃಶ್ಯ ನೋಡಿ. ಮಾವನ ಹತ್ತಿರ ಮಾತು ಮುರಿದು ಬಂದ ಜೆರ್ರಿ, ಕಾರಿನ ಗಾಜಿಗೆ ಅಂಟಿದ ಮಂಜು ಕೆರೆಯುತ್ತಾನೆ. ಸಿಟ್ಟು ನೆತ್ತಿಗೇರಿ ಕುಣಿದಾಡುತ್ತಾನೆ. ಆಮೇಲೆ ಸುಮ್ನೆ ಮತ್ತೆ ಕೆರೆಯತೊಡಗುತ್ತಾನೆ. ನಗುವೂ ಬರುತ್ತದೆ, ಅಯ್ಯೋ ಅಂತಲೂ ಅನಿಸುತ್ತದೆ.

ಆದರೆ ನನಗೆ ಜಾಸ್ತಿ ಇಷ್ಟ ಮಾರ್ಜ್. ಏಳು ತಿಂಗಳ ಬಸುರಿ ಪೊಲೀಸ್ ಚೀಫ್. ಹೆಣದ ಹತ್ತಿರ ಬಗ್ಗಿದಾಗ ವಾಂತಿ ಬಂದಂತಾಗುತ್ತದೆ, ಮರುಕ್ಷಣ ಹಸಿವು! ಈ ಪಾತ್ರ ಮಾಡಿದ ಫ್ರಾನ್ಸಿಸ್ ಮೆಕ್‌ಡೋರ್ಮಂಡ್‌ಗೆ ಇದಕ್ಕೇ ಆಸ್ಕರ್ ಬಂತು. ಬರಲೇಬೇಕಿತ್ತು, ಅಲ್ವಾ? ಇಷ್ಟು ರಕ್ತದ ನಡುವೆ ಇಷ್ಟು ಒಳ್ಳೆಯ ಹೆಂಗಸನ್ನು ನಾನು ಬೇರೆ ಯಾವ ಕ್ರೈಮ್ ಸಿನಿಮಾದಲ್ಲೂ ನೋಡಿಲ್ಲ.