ಸೇವಾಸಂಸ್ಥೆಯ ಕಾರ್ಯದರ್ಶಿಗೆ ಎಂ.ಬಿ.ಎ. ಬೇಕೆ?

ಮೂಡಿಗೆರೆ ತಾಲ್ಲೂಕಿನ ಓದುಗರಿಗೆ,

ಕಾಫಿ ತೋಟಗಳ ಲೈನ್‌ಮನೆ (ಕೂಲಿಕಾರರ ಸಾಲುಮನೆ) ಮಕ್ಕಳಿಗೆ ಸಂಜೆ ಪಾಠ ನಡೆಸುವ ಟ್ರಸ್ಟೊಂದರ ಕಾರ್ಯದರ್ಶಿಯಾದ ನೀವು, ಎಂ.ಬಿ.ಎ. ಓದುವ ಆಸೆಯನ್ನೂ ‘ಸೇವೆಗೆ ವ್ಯಾಪಾರದ ಪದವಿ ಏಕೆ’ ಎಂಬ ಟ್ರಸ್ಟಿಗಳ ಆಕ್ಷೇಪವನ್ನೂ ತಿಳಿಸಿ, ಶುಲ್ಕವನ್ನು ಟ್ರಸ್ಟೇ ಭರಿಸಬಹುದೇ ಎಂದು ಕೇಳಿದ್ದೀರಿ.

ಓದಿ ಎಂಬುದೇ ನಮ್ಮ ಅಭಿಪ್ರಾಯ. ಆದರೆ ಕೆಲಸ ಬಿಟ್ಟು ಹೋಗಿ ಓದಬೇಡಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳ ಮೇಲೆ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡುವ ಹೊಣೆ ಹೊರಿಸಿದ ಮೇಲೆ, ಆ ಹಣ ಕೊಡುವವರು ಒಂದು ಮಗುವಿಗೆ ತಗಲುವ ವೆಚ್ಚವೆಷ್ಟು, ಅದರಲ್ಲಿ ಕಚೇರಿಯ ಪಾಲೆಷ್ಟು ಎಂದು ಮೊದಲೇ ಕೇಳುತ್ತಾರೆ. ವಿದೇಶಿ ದೇಣಿಗೆಯ ವಿಷಯದಲ್ಲಂತೂ ಆಡಳಿತ ವೆಚ್ಚದ ಮಿತಿಯನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಶೇ. 50ರಿಂದ 20ಕ್ಕೆ ಇಳಿಸಿದೆ. ಪಾಠ ಹೇಳುವವರ ಗೌರವಧನ ಯಾವ ಬಾಬ್ತಿಗೆ, ತೋಟದಿಂದ ತೋಟಕ್ಕೆ ಓಡಾಡುವ ಜೀಪಿನ ಖರ್ಚು ಯಾವ ಬಾಬ್ತಿಗೆ ಎಂಬುದು ವರ್ಷದ ಕೊನೆಗೆ ಆಡಿಟರ್ ಮುಂದೆ ತೀರ್ಮಾನವಾಗುವ ಸಂಗತಿಯಲ್ಲ. ಯೋಜನೆ ಬರೆಯುವಾಗಲೇ ಕಾರ್ಯದರ್ಶಿಗೆ ಅದು ತಿಳಿದಿರಬೇಕು. ವೆಚ್ಚದ ಲೆಕ್ಕವನ್ನೂ ಬಜೆಟ್ಟನ್ನೂ ಕ್ರಮವಾಗಿ ಕಲಿಸುವ ಪದವಿಯನ್ನು ವ್ಯಾಪಾರದ್ದೆಂದು ದೂರವಿಡುವುದು ಸರಿಯಲ್ಲ.

ಆದರೂ ಟ್ರಸ್ಟಿಗಳ ಅಳುಕಿನಲ್ಲಿ ಹುರುಳಿದೆ. ಅಂಗಡಿಯ ಸರಕು ಕೆಟ್ಟಿದ್ದರೆ ಗಿರಾಕಿ ಮರುದಿನ ಬರುವುದಿಲ್ಲ, ಅಂಗಡಿಯವನಿಗೆ ತಪ್ಪು ತಾನಾಗಿಯೇ ತಿಳಿಯುತ್ತದೆ. ನಿಮ್ಮಲ್ಲಿ ಕಲಿಯುವುದು ಮಗು, ಹಣ ಕೊಡುವವರು ಬೇರೆ. ಪಾಠ ಹಿಡಿಸದೆ ಮಗು ಬರುವುದನ್ನು ನಿಲ್ಲಿಸಿದರೂ, ವರದಿ ಚೆನ್ನಾಗಿದ್ದರೆ ದೇಣಿಗೆ ಬರುತ್ತಲೇ ಇರುತ್ತದೆ. ಗ್ರಾಹಕರ ತೃಪ್ತಿಯ ಪಾಠವನ್ನು ಯಥಾವತ್ತಾಗಿ ಇಲ್ಲಿಗೆ ತಂದರೆ ದಾನಿಗಳ ತೃಪ್ತಿಯೇ ಗುರಿಯಾಗಿಬಿಡುವ ಅಪಾಯವಿದೆ. ಯಾವ ಮಗು ಏಕೆ ಬಿಟ್ಟಿತು ಎಂಬ ದಾಖಲೆಯನ್ನು ನೀವು ಈಗಿನಿಂದಲೇ ಇಡಬೇಕೆಂದು ಒತ್ತಾಯಪೂರ್ವಕವಾಗಿ ಹೇಳುತ್ತೇವೆ. ಕೂಲಿ ಅರಸಿ ಕುಟುಂಬಗಳು ಬಂದುಹೋಗುವ ನಿಮ್ಮ ಭಾಗದಲ್ಲಿ ಕೇವಲ ಹಾಜರಿ ಪಟ್ಟಿ ಅದನ್ನು ಹೇಳಲಾರದು.

ವರ್ಗೀಸ್ ಕುರಿಯನ್ ಅವರು 1979ರಲ್ಲಿ ಗುಜರಾತಿನ ಆನಂದ್‌ನಲ್ಲಿ ಸ್ಥಾಪಿಸಿದ ‘ಇರ್ಮಾ’ ಶಿಕ್ಷಣ ಸಂಸ್ಥೆ ಗ್ರಾಮೀಣ ನಿರ್ವಹಣೆಯ ಓದಿಗೆ ಹೆಸರಾದುದಾದರೂ, ಎರಡು ವರ್ಷ ಅಲ್ಲಿಯೇ ಇದ್ದು ಓದುವುದು ನಿಮಗೆ ಸಾಧ್ಯವಾಗದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಥವಾ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ (ಇಗ್ನೋ) ದೂರಶಿಕ್ಷಣದ ಎಂ.ಬಿ.ಎ. ನಿಮಗೆ ಹೊಂದುತ್ತದೆ. ಸೇರುವ ಮೊದಲು ಪರೀಕ್ಷೆಗಳು ಯಾವ ತಿಂಗಳಲ್ಲಿ ಬರುತ್ತವೆ ಎಂಬುದನ್ನು ವಿಚಾರಿಸಿ. ಅರೇಬಿಕಾ ಕಾಫಿಯ ಕೊಯ್ಲಿನಿಂದ ರೋಬಸ್ಟಾ ಕಾಫಿಯ ಕೊಯ್ಲು ಮುಗಿಯುವವರೆಗಿನ ತಿಂಗಳುಗಳಲ್ಲಿ ನಿಮಗೆ ಬಿಡುವಿರುವುದಿಲ್ಲ.

ಶುಲ್ಕದ ವಿಷಯದಲ್ಲಿ ಎಚ್ಚರ ಬೇಕು. ತೆರಿಗೆ ವಿನಾಯಿತಿ ಪಡೆದ ಟ್ರಸ್ಟು ತನ್ನ ಟ್ರಸ್ಟಿಗೋ ವ್ಯವಸ್ಥಾಪಕರಿಗೋ ವೈಯಕ್ತಿಕ ಲಾಭ ಮಾಡಿಕೊಟ್ಟರೆ ಆ ವಿನಾಯಿತಿಗೇ ಕುತ್ತು ಬರಬಹುದು. ನೀವು ಟ್ರಸ್ಟಿಯೂ ಆಗಿದ್ದರೆ ಸ್ವಂತ ಹಣದಿಂದಲೇ ಕಟ್ಟಿ. ಸಂಬಳದ ನೌಕರರಾಗಿದ್ದರೆ ಆಡಿಟರ್ ಅಭಿಪ್ರಾಯವನ್ನು ಲಿಖಿತವಾಗಿ ಪಡೆದ ಮೇಲೆಯೇ ಸಭೆಯಲ್ಲಿ ವಿಷಯ ಮಂಡಿಸಿ. ಪರೀಕ್ಷೆಯ ದಿನಗಳಲ್ಲಿ ನಿಮ್ಮ ಬದಲು ಚೆಕ್ಕಿಗೆ ಸಹಿ ಹಾಕುವವರು ಯಾರೆಂಬ ಗೊತ್ತುವಳಿಯನ್ನೂ ಅದೇ ಸಭೆಯಲ್ಲಿ ಮಾಡಿಸಿ ಬ್ಯಾಂಕಿಗೆ ಕೊಡಿ.

– ಸಂಪಾದಕರು