ಮನೆ ಸರಿ, ಹಿಂದಿನ ಆರು ಗುಂಟೆಯ ಪಹಣಿ ನೋಡಿದಿರಾ?

ದುಬೈಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಕಾರವಾರದ ಹತ್ತಿರ ಕಡವಾಡದಲ್ಲಿ ಬಾಡಿಗೆದಾರರು ಇರುವ ಮನೆ, ಹಿಂದೆ ಆರು ಗುಂಟೆ ಖಾಲಿ ಜಾಗ, ಮುಂದೆ ಅಲ್ಲೇ ಇನ್ನೊಂದು ಮನೆ ಏಳಿಸಬಹುದು, ತಗೊಳ್ಳಲೇ ಎಂದು ಕೇಳಿದ್ದೀರಿ. ಮನೆಯ ವಿಷಯ ಸುಲಭ. ತೊಡಕೆಲ್ಲ ಆ ಆರು ಗುಂಟೆಯಲ್ಲಿ.

ನೌಕರಿಗೆಂದು ದೇಶ ಬಿಟ್ಟಾಗಿನಿಂದಲೇ ಫೆಮಾ (ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ) ಲೆಕ್ಕಕ್ಕೆ ನೀವು ಅನಿವಾಸಿ. ನಿಮ್ಮ ವಿಷಯದಲ್ಲಿ ಭಾರತದಲ್ಲಿದ್ದ 182 ದಿನ ಎಣಿಸುವುದು ಆದಾಯ ತೆರಿಗೆಗೆ. ಅನಿವಾಸಿಗಳು ಮನೆ, ಅಂಗಡಿ, ಬಿನ್‌ಶೇತ್ಕಿ (ಕೃಷಿಯೇತರ) ಆದ ಸೈಟು ಕೊಳ್ಳಬಹುದು. ಗದ್ದೆ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ‘2020ರಲ್ಲೇ ಕಾನೂನು ಬದಲಾಗಿದೆ, ಯಾರು ಬೇಕಾದರೂ ಜಮೀನು ತಗೋಬಹುದು’ ಎಂದು ಏಜೆಂಟರು ಹೇಳುತ್ತಾರೆ. ಅದು ರಾಜ್ಯದ ಭೂಸುಧಾರಣಾ ಕಾಯ್ದೆಯ ಮಾತು. ಫೆಮಾದ ನಿರ್ಬಂಧ ಹಾಗೇ ಇದೆ.

ಕಾಂಪೌಂಡು ಒಂದೇ ಇದ್ದರೂ ಮನೆಗೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು, ಹಿಂದಿನ ಜಾಗಕ್ಕೆ ‘ಬಾಗಾಯ್ತು’ (ತೋಟದ ಜಮೀನು) ಎಂದಿರುವ ಪಹಣಿ ಇರುವುದು ನಮ್ಮ ಕಡೆ ಮಾಮೂಲು. ಹಾಗಿದ್ದರೆ ಮಾರುವವರೇ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮಾಡಿಸಿ, ತಮ್ಮ ಹೆಸರಿನಲ್ಲೇ ಭೂಪರಿವರ್ತನೆ ಆದೇಶ ತರಲಿ; ನೋಂದಣಿ ಆಮೇಲೆ. ಅಡ್ವಾನ್ಸು ಕೊಡುವುದಾದರೆ ಕರಾರಿನಲ್ಲಿ ಈ ಷರತ್ತು ಇರಬೇಕು. ನಿಮ್ಮ ದುಡ್ಡಿನಲ್ಲಿ ತಮ್ಮನ ಹೆಸರಿಗೆ ಕೊಂಡಿಡುವ ಯೋಚನೆ ಬೇಡ, ಬೇನಾಮಿ ಕಾಯ್ದೆಗೆ ಸಿಕ್ಕಿಬೀಳುತ್ತೀರಿ. ತಮ್ಮ ಆಮೇಲೆ ಆ ಕೃಷಿ ಜಮೀನನ್ನು ನಿಮಗೆ ದಾನಪತ್ರ ಮಾಡಿಕೊಡುವುದಕ್ಕೂ ಬರುವುದಿಲ್ಲ. ಪಹಣಿಯಲ್ಲಿ ‘ಬ’ ಖರಾಬು (ದಾರಿ, ಹಳ್ಳದಂಥ ಜಾಗ) ಇದ್ದರೆ ಅಷ್ಟು ಜಾಗ ಸಾರ್ವಜನಿಕರದ್ದು, ಅಳತೆಯಿಂದ ಕಳೆಯಿರಿ. ಶಿರಸಿ ಕಡೆಯವರಿಗೂ ಒಂದು ಮಾತು: ತೋಟದ ಜೊತೆ ತೋರಿಸುವ ಸೊಪ್ಪಿನ ಬೆಟ್ಟ ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕಷ್ಟೇ, ಮಾಲ್ಕಿಯಲ್ಲ.

ಕಡವಾಡವೆಂದರೆ ಕಾಳಿ ನದಿ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಂತೆ ಸಮುದ್ರದ ಉಬ್ಬರ ರೇಖೆಯಿಂದ 500 ಮೀಟರ್, ಉಬ್ಬರದ ನೀರು ಏರುವ ನದಿಯ ದಂಡೆಯಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು, ನಿಯಂತ್ರಣಕ್ಕೆ ಒಳಪಡುತ್ತದೆ. ಸರ್ವೆ ನಂಬರು ಹಿಡಿದು ಸಿಆರ್‌ಝಡ್ ನಕ್ಷೆ ಪರಿಶೀಲಿಸಿ. ಪಕ್ಕದವರು ಕಟ್ಟಿದ್ದಾರೆ ಎನ್ನುವುದು ಪುರಾವೆಯಲ್ಲ. ಹಿಂದಿನ ಜಾಗಕ್ಕೆ ದಾರಿ ಎಷ್ಟು ಅಗಲವಿದೆ? ಚಿರೇಕಲ್ಲಿನ ಲಾರಿ ಮನೆಯ ಪಕ್ಕದಿಂದ ಒಳಗೆ ಹೋಗದಿದ್ದರೆ ಕಲ್ಲನ್ನೆಲ್ಲ ತಲೆಹೊರೆಯಲ್ಲೇ ಸಾಗಿಸಬೇಕು, ಕೂಲಿ ಏರುತ್ತದೆ. ದಾರಿ ಬೇರೆಯವರದ್ದಾದರೆ ದಾರಿಹಕ್ಕು ಕ್ರಯಪತ್ರದಲ್ಲೇ ಬರಬೇಕು. ಅಂತರ್ಜಲ ಮೇಲಿರುವ ಜಾಗದಲ್ಲಿ ಎರಡನೇ ಮನೆಯ ಶೌಚಗುಂಡಿ ಬಾವಿಗೆ ಹತ್ತಿರವಾದರೆ ನೀರು ಕೆಡುತ್ತದೆ. ಬಾವಿ ಎಲ್ಲಿದೆ ಎಂದು ಮೊದಲೇ ನೋಡಿ.

ಬಾಡಿಗೆ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಭಾರತದ ಆದಾಯ ಇಡುವ ಬ್ಯಾಂಕ್ ಖಾತೆ) ಬರಲಿ. ಅನಿವಾಸಿ ಮಾಲೀಕರಿಗೆ ಬಾಡಿಗೆ ಕೊಡುವವರು 31.2% ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿಯಬೇಕು: ತಿಂಗಳಿಗೆ 15,000 ಬಾಡಿಗೆಯಾದರೆ 4,680 ಹೋಗಿ ಕೈಗೆ 10,320. ಭಾರತದಲ್ಲಿ ನಿಮಗೆ ಅದೊಂದೇ ಆದಾಯವಾದರೆ ರಿಟರ್ನ್ ಹಾಕಿ ಪೂರ್ತಿ ವಾಪಸು ಪಡೆಯಬಹುದು. ಆದರೆ ಟಿಡಿಎಸ್ ಹಿಡಿದು ಕಟ್ಟುವ ತಾಪತ್ರಯ ಬಾಡಿಗೆದಾರರಿಗೆ ಬೇಡವಾಗಿರುತ್ತದೆ. ಈಗಿರುವವರು ಒಪ್ಪುತ್ತಾರೋ ಇಲ್ಲವೋ, ಕೊಳ್ಳುವ ಮುಂಚೆಯೇ ಕೇಳಿಬಿಡಿ.

ನೋಂದಣಿಗೆ ಬರಲಾಗದಿದ್ದರೆ ಈ ಒಂದೇ ಆಸ್ತಿಗೆ ಸೀಮಿತವಾದ ಮುಖ್ತ್ಯಾರಪತ್ರವನ್ನು (ಪವರ್ ಆಫ್ ಅಟಾರ್ನಿ) ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಿ. ಅದು ಊರು ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು.