ಮಾತು ಬಿಟ್ಟ ಗೆಳೆಯನ ಹಾಡನ್ನು ಮೆಚ್ಚಬಹುದೇ?

ಪ್ರಶ್ನೆ: ಅಕ್ಕಾ, ನನಗೀಗ 49 ವರ್ಷ. ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. 1997ರಲ್ಲಿ ನಾವು ನಾಲ್ವರು ಗೆಳೆಯರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದೆವು. ತುಳು, ಕನ್ನಡ, ಮಲಯಾಳಂ ಮೂರರಲ್ಲೂ ಹಾಡುಗಳಿದ್ದವು. ನಾನು ಗಿಟಾರ್. ಹಾಡುತ್ತಿದ್ದವನು ನನ್ನ ಜೀವದ ಗೆಳೆಯ. ನಮ್ಮ ಕ್ಯಾಸೆಟ್ ಬಂದಾಗ 'ಸಂಗೀತ' ಎಂಬಲ್ಲಿ ಅವನೊಬ್ಬನ ಹೆಸರಿತ್ತು. ಅದರಲ್ಲಿ ಎರಡು ಹಾಡಿನ ರಾಗ ನಾವಿಬ್ಬರೂ ಕೂತು ಮಾಡಿದ್ದು. 2004ರಲ್ಲಿ ಮಂಗಳೂರಿನ ಒಂದು ಕಾರ್ಯಕ್ರಮದಲ್ಲಿ ಈ ಸಿಟ್ಟು ಸ್ಟೇಜಿನ ಮೇಲೆಯೇ ಹೊರಬಿತ್ತು. ಅವನು ಮೈಕಿನಲ್ಲೇ ನನ್ನನ್ನು ಬೈದ. ನಾನು ಕೇಬಲ್ ಕಿತ್ತು ಇಳಿದು ಬಂದೆ. ಯಾರೋ ತೆಗೆದ ವಿಡಿಯೊ ಈಗಲೂ ಫೋನಿಂದ ಫೋನಿಗೆ ಓಡಾಡುತ್ತದೆ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಈಗ ಅವನಿಗೆ ದೊಡ್ಡ ಹೆಸರು. ನಮ್ಮೂರ ಕ್ಲಬ್ಬಿನವರು ಸನ್ಮಾನ ಇಟ್ಟುಕೊಂಡಿದ್ದಾರೆ. ನಾನು ಅವನ ಬಗ್ಗೆ ಹತ್ತು ನಿಮಿಷ ಮಾತಾಡಬೇಕಂತೆ, ಒಂದು ಹಾಡಿಗೆ ಗಿಟಾರ್ ನುಡಿಸಬೇಕಂತೆ. ಕಳೆದ ತಿಂಗಳು ಒಂದು ಸಂದರ್ಶನದಲ್ಲಿ ಅವನು, 'ಆ ಗಿಟಾರಿನ ಕೈ ನನಗೆ ಮತ್ತೆ ಸಿಗಲಿಲ್ಲ' ಅಂದಿದ್ದಾನೆ. ನಿಜ ಹೇಳಬೇಕೆಂದರೆ ತೋಟದಲ್ಲಿ ಒಬ್ಬನೇ ಇರುವಾಗ ನಾನೂ ಅವನ ಹಾಡು ಕೇಳುತ್ತೇನೆ. ಹೆಂಡತಿ ಹೋಗಿ ಅನ್ನುತ್ತಾಳೆ. ನನ್ನ ಪರವಾಗಿ ಅಂದೇ ಬ್ಯಾಂಡ್ ಬಿಟ್ಟ ನಮ್ಮ ಡ್ರಮ್ಮರ್, 'ಹೋದರೆ ನನ್ನ ಮುಖ ನೋಡಬೇಡ' ಅನ್ನುತ್ತಾನೆ. ಅವನನ್ನು ಹೊಗಳಿದರೆ ನನ್ನ ನೋವು ಸುಳ್ಳು ಅಂತ ಆಗುವುದಿಲ್ಲವೇ? ಹೋಗದಿದ್ದರೆ ಊರವರು ಹೊಟ್ಟೆಕಿಚ್ಚು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಒಂದೇ ಸಾಲಿಗೆ ಬಂದು ನಿಂತೆ. ತೋಟದಲ್ಲಿ ಒಬ್ಬರೇ ಇರುವಾಗ ಅವರ ಹಾಡು ಕೇಳುತ್ತೇನೆ ಎಂದಿದ್ದೀರಲ್ಲ, ಆ ಸಾಲು. ಇಷ್ಟು ವರ್ಷ ಮಾತು ಬಿಟ್ಟವರ ಹಾಡನ್ನು ಯಾರೂ ನೋಡದಾಗ ಕೇಳುವವರಿಗೆ, ಅವರ ಮೇಲೆ ಗೌರವ ಇದೆಯೋ ಇಲ್ಲವೋ ಎಂದು ನಾನು ಹೇಳಿಕೊಡಬೇಕಾಗಿಲ್ಲ. ಇದೆ. ಅದನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಲು ನಿಮಗೆ ಹೆದರಿಕೆಯಾಗಿದೆ.

ಹೋಗಿ ಮಾರಾಯ್ರೇ. ಹೋಗಿ ಮಾತಾಡಿ. ಗಿಟಾರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ನನ್ನ ಅಪ್ಪ ಮದ್ದಳೆ ನುಡಿಸುತ್ತಿದ್ದರು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಯಕ್ಷಗಾನ ತಾಗದ ಮನೆ ಕಡಿಮೆ. ಅಪ್ಪನ ಜೊತೆ ಚೆಂಡೆಗೆ ಬರುತ್ತಿದ್ದವರು ಪಕ್ಕದ ತೋಟದವರು. ಎರಡು ತೋಟಗಳ ಗಡಿಯಲ್ಲಿ ಒಂದು ಸುರಂಗ ಇತ್ತು. ನಿಮಗೆ ಗೊತ್ತೇ ಇದೆ, ಗುಡ್ಡದ ಕೆಂಪುಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ನಮ್ಮ ಕಡೆಯ ಸುರಂಗ. ಒಂದು ಬೇಸಿಗೆಯಲ್ಲಿ ಆ ನೀರಿನ ಪಾಲಿಗೆ ಇಬ್ಬರಿಗೂ ಜಗಳವಾಯಿತು. ಹನ್ನೊಂದು ವರ್ಷ ಮಾತು ಬಿಟ್ಟರು. ಆದರೆ ಊರಿನಲ್ಲಿ ತಾಳಮದ್ದಳೆ ಎಂದರೆ ಇಬ್ಬರೂ ಹಾಜರು. ಒಬ್ಬರ ಮುಖ ಒಬ್ಬರು ನೋಡದೆ ಪಕ್ಕಪಕ್ಕ ಇದ್ದು ಬೆಳಗಿನವರೆಗೆ ನುಡಿಸುತ್ತಿದ್ದರು. ಕೈಗೆ ಕೈ ಕೂಡುತ್ತಿತ್ತು, ಮಾತಿಗೆ ಮಾತು ಕೂಡುತ್ತಿರಲಿಲ್ಲ.

ಒಮ್ಮೆ ಮನೆಗೆ ಬಂದ ನೆಂಟರೊಬ್ಬರು ಅಪ್ಪನನ್ನು ಖುಷಿಪಡಿಸಲು ಆ ಚೆಂಡೆಯವರ ಕೈಯನ್ನು ಹಗುರ ಮಾಡಿ ಮಾತಾಡಿದರು. ಅಪ್ಪ ಬಾಳೆಲೆಯಿಂದ ತಲೆ ಎತ್ತಿ, 'ನೀರಿನ ವಿಷಯ ಬೇರೆ ಭಾವ, ಅವನ ಚೆಂಡೆಯ ಸುದ್ದಿಗೆ ಹೋಗಬೇಡ' ಎಂದರು. ನನಗಾಗ ಹನ್ನೆರಡು ವರ್ಷ. ಆ ಸ್ವರ ಇನ್ನೂ ಕಿವಿಯಲ್ಲಿದೆ. ಅವರ ಜಗಳ ಏನಾಯಿತು ಎಂದು ಕೇಳುತ್ತೀರಾ? ಬೋರ್‌ವೆಲ್ ಬಂತು, ಸುರಂಗದ ನೀರು ಯಾರಿಗೂ ಬೇಡವಾಯಿತು, ಮಾತು ಮೆಲ್ಲಗೆ ಶುರುವಾಯಿತು. ಮೊದಲಿನ ಸಲಿಗೆ ಮಾತ್ರ ತಿರುಗಿ ಬರಲೇ ಇಲ್ಲ. ನೀರಿನ ವಿಷಯದಲ್ಲಿ ಅಪ್ಪನಿಗೆ ಆದ ನೋವು ನಿಜವೇ ಆಗಿತ್ತು. ಚೆಂಡೆಯನ್ನು ಮೆಚ್ಚಿದ್ದರಿಂದ ಅದು ಒಂದು ತೂಕವೂ ಕಡಿಮೆಯಾಗಲಿಲ್ಲ.

ನೀವು ರಾಕ್ ಸಂಗೀತದವರು. ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. ಉಳಿದ ಓದುಗರಿಗಾಗಿ ಹೇಳುತ್ತೇನೆ. ರೋಜರ್ ವಾಟರ್ಸ್ 1985ರಲ್ಲಿ ಆ ಬ್ಯಾಂಡ್ ಬಿಟ್ಟರು. ತಾನಿಲ್ಲದೆ ಆ ಹೆಸರು ಉಳಿಯಬಾರದು ಎಂಬುದು ಅವರ ಹಟ. ಡೇವಿಡ್ ಗಿಲ್ಮೋರ್ ಮತ್ತು ನಿಕ್ ಮೇಸನ್ ಅದೇ ಹೆಸರಿನಲ್ಲಿ ಮುಂದುವರಿದರು. ವಿಷಯ ಕೋರ್ಟಿಗೆ ಹೋಗಿ 1987ರ ಕೊನೆಗೆ ರಾಜಿಯಾಯಿತು. ಕಾಗದದ ಮೇಲೆ ರಾಜಿ, ಅಷ್ಟೇ. ಮಾತಿನಲ್ಲಿ ಚುಚ್ಚುವುದು ಆಮೇಲೂ ವರ್ಷಗಟ್ಟಲೆ ನಡೆಯಿತು. 2005ರಲ್ಲಿ ಹಾಡುಗಾರ ಬಾಬ್ ಗೆಲ್ಡಾಫ್ ಬಡತನದ ವಿರುದ್ಧ 'ಲೈವ್ 8' ಎಂಬ ದೊಡ್ಡ ಕಾರ್ಯಕ್ರಮ ಮಾಡಿದಾಗ ಹಳೆಯ ನಾಲ್ವರನ್ನೂ ಸೇರಿಸಲು ಹೊರಟರು. ಗಿಲ್ಮೋರ್ ಮೊದಲು ಒಪ್ಪಲಿಲ್ಲ. ಕೊನೆಗೆ ವಾಟರ್ಸ್ ತಾವೇ ಫೋನ್ ಮಾಡಿದರು. ಜುಲೈ 2ರ ರಾತ್ರಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ, 24 ವರ್ಷಗಳ ನಂತರ ನಾಲ್ವರೂ ಒಟ್ಟಿಗೆ ನುಡಿಸಿದರು. ಅರ್ಧ ಗಂಟೆಗೂ ಕಡಿಮೆ. ಮುಗಿದ ಮೇಲೆ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತರು.

ಅಲ್ಲಿಗೆ ಎಲ್ಲ ಸರಿಹೋಯಿತಾ? ಇಲ್ಲ. ಒಟ್ಟಿಗೆ ಊರೂರು ಸುತ್ತಿ ಹಾಡಿ ಎಂದು ಕೇಳಿದವರಿಗೆ ಗಿಲ್ಮೋರ್ ಆಗುವುದಿಲ್ಲ ಎಂದೇ ಹೇಳಿದರು. 2011ರಲ್ಲಿ ವಾಟರ್ಸ್ ಅವರ ಲಂಡನ್ ಕಾರ್ಯಕ್ರಮಕ್ಕೆ ಬಂದು ಗಿಟಾರ್ ನುಡಿಸಿ ಹೋದರು. 2013ರಲ್ಲಿ ವಾಟರ್ಸ್, ಅಂದು ಕೋರ್ಟಿಗೆ ಹೋಗಿದ್ದು ನನ್ನದೇ ತಪ್ಪು ಎಂದು ಬಿಬಿಸಿ ಸಂದರ್ಶನದಲ್ಲಿ ಒಪ್ಪಿಕೊಂಡರು. 2023ರಲ್ಲಿ ಮತ್ತೆ ಬಹಿರಂಗವಾಗಿ ಕಿತ್ತಾಡಿದರು. ಇಷ್ಟೆಲ್ಲ ಆದರೂ ಹೈಡ್ ಪಾರ್ಕಿನ ಆ ರಾತ್ರಿ ನಾಟಕ ಎಂದು ನನಗೆ ಅನಿಸಿಲ್ಲ. ಆ ವಿಡಿಯೊ ನೋಡಿ. ಒಬ್ಬರು ಹಾಡುವಾಗ ಇನ್ನೊಬ್ಬರು ಎಷ್ಟು ಜಾಗ ಬಿಟ್ಟುಕೊಡುತ್ತಾರೆ ಎಂದು ಕೇಳಿ. ನೀವು ಸಂಗೀತಗಾರರು, ನಿಮಗೆ ತಿಳಿಯುತ್ತದೆ.

ಆದ್ದರಿಂದ ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರ ಇದು. ಹೊಗಳಿದರೆ ನಿಮ್ಮ ನೋವು ಸುಳ್ಳಾಗುವುದಿಲ್ಲ. ಸುಳ್ಳಾಗುವುದು ಯಾವಾಗ ಗೊತ್ತಾ? ಏನೂ ಆಗೇ ಇಲ್ಲ ಎನ್ನುವ ಹಾಗೆ ನಟಿಸಿದರೆ. ವೇದಿಕೆ ಮೇಲೆ ನಿಂತು 'ನಾವಿಬ್ಬರೂ ಒಂದೇ ಜೀವ ಎರಡು ದೇಹ' ಎಂದರೆ ನಿಮಗೂ ಹಿಂಸೆ, ಅವರಿಗೂ ಹಿಂಸೆ. ಸಭೆಯಲ್ಲಿ ಕೂತವರೆಲ್ಲ ಆ ವಿಡಿಯೊ ನೋಡಿದವರೇ. ಅದಕ್ಕೇ ಮೊದಲ ಮಾತಿನಲ್ಲೇ ಹೇಳಿಬಿಡಿ: 'ನಮ್ಮ ಜಗಳ ನಿಮಗೆಲ್ಲ ಗೊತ್ತಿದೆ. ಇವತ್ತು ನಾನು ಇವನ ಹಾಡಿನ ಬಗ್ಗೆ ಮಾತಾಡಲು ಬಂದಿದ್ದೇನೆ.' ಅಷ್ಟು ಸಾಕು. ಆಮೇಲೆ ಹಾಡಿನ ಬಗ್ಗೆಯೇ ಮಾತಾಡಿ.

ಮಾತಾಡುವಾಗ ದೊಡ್ಡ ದೊಡ್ಡ ಬಿರುದು ಬೇಡ. ಶಾಲು ಹೊದೆಸುವವರು, ಮಾನಪತ್ರ ಓದುವವರು ಅದನ್ನು ಹೇಗೂ ಹೇಳುತ್ತಾರೆ. ಏಳು ವರ್ಷ ಪಕ್ಕದಲ್ಲಿ ನಿಂತು ಗಿಟಾರ್ ನುಡಿಸಿದವರಿಗೆ ಮಾತ್ರ ಗೊತ್ತಿರುವ ಸಂಗತಿ ಹೇಳಿ. ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು? ಯಾವ ಸಾಲಿಗೆ ತಾಳಕ್ಕಿಂತ ಚೂರು ತಡವಾಗಿ ಬರುತ್ತಿದ್ದರು, ಆಗ ನಿಮ್ಮ ಕೈ ಏನು ಮಾಡುತ್ತಿತ್ತು? ತುಳು ಹಾಡಿನಲ್ಲಿ ಬೇರೆಯಾಗುತ್ತಿದ್ದ ಅವರ ದನಿ ಮಲಯಾಳಂ ಹಾಡಿನಲ್ಲಿ ಹೇಗಿರುತ್ತಿತ್ತು? ಹೀಗೆ ಹೇಳಿದರೆ ಒಂದು ಸುಳ್ಳೂ ಬರುವುದಿಲ್ಲ. ಹತ್ತು ನಿಮಿಷ ಸಾಲದೇ ಹೋಗಬಹುದು.

ಕ್ಲಬ್ಬಿನವರಿಗೆ ಒಂದು ಮಾತು ಮೊದಲೇ ಹೇಳಿಡಿ. ನಿರೂಪಕರು ಉತ್ಸಾಹದಲ್ಲಿ 'ಈಗ ಇಬ್ಬರೂ ತಬ್ಬಿಕೊಳ್ಳಬೇಕು' ಎಂದು ಮೈಕಿನಲ್ಲಿ ಕೂಗಬಾರದು. ಕ್ಷಮೆ ಕೇಳುವುದು, ಕೇಳಿಸುವುದು ಎರಡೂ ವೇದಿಕೆಯ ಕೆಲಸ ಅಲ್ಲ. ನಿಮ್ಮ ಜಗಳ ವೇದಿಕೆ ಮೇಲೆ ಆಗಿದ್ದೇ ನಿಮ್ಮಿಬ್ಬರಿಗೂ ಜಾಸ್ತಿ ಪೆಟ್ಟು ಕೊಟ್ಟಿದೆ.

ಕ್ಯಾಸೆಟ್ಟಿನ ಹೆಸರಿನ ವಿಷಯ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಬ್ಬರ ಕೆಲಸಕ್ಕೆ ಅವರ ಹೆಸರು ಇಲ್ಲದೆ ಹೋಗುವುದು ಸಣ್ಣ ನೋವಲ್ಲ. ನಮ್ಮ ಕಾನೂನೂ ಇದನ್ನು ಒಪ್ಪುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ 'ಇದನ್ನು ಮಾಡಿದ್ದು ನಾನು' ಎಂದು ಹೇಳುವ ಹಕ್ಕು ಮಾಡಿದವರಿಗೆ ಉಳಿಯುತ್ತದೆ. 2012ರ ತಿದ್ದುಪಡಿಯಲ್ಲಿ ನುಡಿಸಿದವರಿಗೂ, ಹಾಡಿದವರಿಗೂ ಅಂಥದ್ದೇ ಹಕ್ಕು ಸೇರಿಸಿದ್ದಾರೆ. ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ಈಗ ಆ್ಯಪ್‌ಗಳಿಗೆ ಹಾಕಿದ್ದರೆ ಅಲ್ಲಿ ಹೆಸರು ಸೇರಿಸಲು ಇನ್ನೂ ದಾರಿ ಇದೆ. ಕೇಳಿ. ನೇರವಾಗಿ ಅವರನ್ನೇ ಕೇಳಿ. ಆದರೆ 'ಹೆಸರು ಹಾಕಿದರೆ ಸಭೆಗೆ ಬರುತ್ತೇನೆ' ಎಂಬ ವ್ಯಾಪಾರ ಬೇಡ. ಸನ್ಮಾನ ಮುಗಿದು ಒಂದು ತಿಂಗಳಾದ ಮೇಲೆ ಒಂದು ಪತ್ರ ಬರೆಯಿರಿ. ನೀರಿನ ವಿಷಯ ಬೇರೆ, ಚೆಂಡೆ ಬೇರೆ.

ಇನ್ನೊಂದು ಮಾತು ಹೇಳಬೇಕು. ಸ್ವಲ್ಪ ಕಹಿಯಾಗಬಹುದು. ಅವರು ಬೈದಿದ್ದನ್ನು ಬರೆದಿದ್ದೀರಿ, ಹೆಸರು ಹಾಕದೆ ಇದ್ದುದನ್ನು ಬರೆದಿದ್ದೀರಿ. ಕಾರ್ಯಕ್ರಮದ ನಡುವೆ ಕೇಬಲ್ ಕಿತ್ತು ಹೋದಾಗ ಹಿಂದೆ ಉಳಿದವರ ಗತಿ ಏನಾಯಿತು ಎಂದು ಒಂದು ಸಾಲೂ ಇಲ್ಲ. ಹಾಡುಗಾರ ಒಬ್ಬರೇ, ಗಿಟಾರ್ ಇಲ್ಲ, ಮುಂದೆ ತುಂಬಿದ ಸಭೆ. ಅದು ಅವರಿಗೆ ಎಷ್ಟು ದಿನ ಕನಸಿನಲ್ಲಿ ಬಂದಿರಬಹುದು? ನಿಮ್ಮದೇ ತಪ್ಪು ಎಂದು ನಾನು ತೀರ್ಪು ಕೊಡುತ್ತಿಲ್ಲ. ಒಮ್ಮೆ ಅವರ ಜಾಗದಲ್ಲಿ ನಿಂತು ನೋಡಿ ಎನ್ನುತ್ತಿದ್ದೇನೆ. ಅಂಥ ರಾತ್ರಿಯನ್ನು ಕಂಡವರು, ಇಷ್ಟು ವರ್ಷದ ಮೇಲೆ ಸಂದರ್ಶನದಲ್ಲಿ ನಿಮ್ಮ ಕೈಯನ್ನು ನೆನಪಿಸಿಕೊಂಡಿದ್ದಾರೆ. ಅದನ್ನು ಹೇಳುವುದು ಅವರಿಗೂ ಸುಲಭವಾಗಿರಲಿಲ್ಲ.

ಈಗ ನಿಮ್ಮ ಡ್ರಮ್ಮರ್. ನನಗೆ ಈ ಮೂವರಲ್ಲಿ ಜಾಸ್ತಿ ಸಂಕಟ ಆಗಿದ್ದು ಅವರ ಬಗ್ಗೆ. ನಿಮಗಾಗಿ ಬ್ಯಾಂಡ್ ಬಿಟ್ಟರು. ಹಾಡುಗಾರರಿಗೆ ಹೆಸರು ಬಂತು, ನಿಮಗೆ ಈಗ ಕರೆ ಬಂದಿದೆ. ಅವರಿಗೆ ಏನು ಬಂತು? 'ಮುಖ ನೋಡಬೇಡ' ಎಂಬ ಮಾತನ್ನು ಬೆದರಿಕೆ ಎಂದು ತಿಳಿಯಬೇಡಿ. ಪಿಂಕ್ ಫ್ಲಾಯ್ಡಿನಲ್ಲೂ ಇಂಥ ಒಬ್ಬರಿದ್ದರು, ಕೀಬೋರ್ಡ್ ನುಡಿಸುತ್ತಿದ್ದ ರಿಚರ್ಡ್ ರೈಟ್. 1979ರಲ್ಲಿ ಅವರನ್ನು ಬ್ಯಾಂಡಿನಿಂದ ಹೊರಗೆ ದೂಡಿದ್ದರು. ಎಲ್ಲರೂ ವಾಟರ್ಸ್–ಗಿಲ್ಮೋರ್ ಜಗಳದ ಬಗ್ಗೆಯೇ ಮಾತಾಡುತ್ತಾರೆ, ರೈಟ್ ಅವರ ನೋವು ಬಹಳ ಜನರಿಗೆ ನೆನಪೇ ಇಲ್ಲ. 2005ರ ಆ ರಾತ್ರಿ ಅವರೂ ತಮ್ಮ ಜಾಗಕ್ಕೆ ಬಂದು ನುಡಿಸಿದರು. 2008ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ನಾಲ್ವರು ಮತ್ತೆ ಒಟ್ಟಿಗೆ ಸೇರುವ ಮಾತು ಅಲ್ಲಿಗೆ ಮುಗಿಯಿತು.

ಕ್ಲಬ್ಬಿನವರಿಗೆ ಹೂಂ ಅನ್ನುವ ಮೊದಲು ಡ್ರಮ್ಮರ್ ಮನೆಗೆ ಹೋಗಿ. ಫೋನ್ ಬೇಡ. ಅವರು ನಿಮಗಾಗಿ ಏನು ಬಿಟ್ಟರು ಎಂಬುದನ್ನು ನಿಮ್ಮ ಬಾಯಿಂದ ಒಮ್ಮೆ ಹೇಳಿ. ಸಭೆಗೆ ಬನ್ನಿ ಎಂದು ಒತ್ತಾಯ ಮಾಡಬೇಡಿ. ಆದರೆ ನಿಮ್ಮ ಹತ್ತು ನಿಮಿಷದಲ್ಲಿ ಅವರ ಹೆಸರು, ಬೇಸ್ ನುಡಿಸುತ್ತಿದ್ದವರ ಹೆಸರು ಎರಡೂ ಬರಲೇಬೇಕು. ಅಷ್ಟಾದ ಮೇಲೂ ಅವರು ಮುನಿಸಿಕೊಂಡರೆ ಅವರಿಗೆ ಸ್ವಲ್ಪ ಸಮಯ ಕೊಡಿ. ಹೋಗುವ ತೀರ್ಮಾನ ಮಾತ್ರ ನಿಮ್ಮದೇ ಆಗಿರಲಿ.

ಹೊಟ್ಟೆಕಿಚ್ಚಿನ ಮಾತಿಗೆ ನಾನು ಹೆಚ್ಚು ಬರೆಯುವುದಿಲ್ಲ. ಹೋದರೆ 'ದೊಡ್ಡವನಾದ ಮೇಲೆ ಗೆಳೆತನ ನೆನಪಾಯಿತು' ಎನ್ನುತ್ತಾರೆ, ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಬಿಟ್ಟುಬಿಡಿ.

'ಮುಂದೆ ನೋಡೋಣ' ಎನ್ನುವುದು ಯಾಕೆ ಬೇಡ ಎಂದರೆ, ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಕಥೆ ಕೇಳಿ. ಬ್ಯಾಂಡಿನ ಪಾಲುದಾರಿಕೆ ಮುರಿಯಲು 1970ರ ಡಿಸೆಂಬರ್ 31ಕ್ಕೆ ಪಾಲ್ ಕೋರ್ಟಿಗೆ ಹೋದರು. ಮರುವರ್ಷ ಇಬ್ಬರೂ ಹಾಡಿನಲ್ಲೇ ಒಬ್ಬರನ್ನೊಬ್ಬರು ಕುಟುಕಿದರು. ಆದರೂ 1974ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎಲ್ಟನ್ ಜಾನ್ ಜೊತೆ ವೇದಿಕೆಗೆ ಬಂದ ಲೆನನ್, ಇದು ಪಾಲ್ ಹಾಡು ಎಂದು ಸಾವಿರಾರು ಜನರಿಗೆ ಹೇಳಿಯೇ ಒಂದು ಹಾಡು ಹಾಡಿದರು. ಪಾಲ್ ಅಲ್ಲಿ ಇರಲೂ ಇಲ್ಲ. ಆರು ವರ್ಷದ ಮೇಲೆ, 1980ರ ಡಿಸೆಂಬರ್ 8ರಂದು ಲೆನನ್ ಕೊಲೆಯಾದರು. ಅಷ್ಟರಲ್ಲಿ ಫೋನಿನಲ್ಲಾದರೂ ಮಾತು ಕೂಡಿಬಂದಿತ್ತು, ಅದೇ ದೊಡ್ಡ ಸಮಾಧಾನ ಎಂದು ಪಾಲ್ ಹೇಳಿದ್ದಾರೆ. ಹೇಳದೆ ಉಳಿದ ಮಾತಿಗಾಗಿ ಅವರು 1982ರಲ್ಲಿ ಒಂದು ಹಾಡನ್ನೇ ಹೊರತರಬೇಕಾಯಿತು. ನಿಮ್ಮಿಬ್ಬರಿಗೂ ಐವತ್ತರ ಹತ್ತಿರ. ಇಬ್ಬರೂ ಇದ್ದೀರಿ, ಇಬ್ಬರ ಕೈ, ಗಂಟಲು ಇನ್ನೂ ನಡೆಯುತ್ತಿವೆ.

ಈಗ ಗಿಟಾರ್. ನುಡಿಸಿ ಎಂದೇ ನನ್ನ ಮನಸ್ಸು ಹೇಳುತ್ತದೆ. ಆದರೆ ನೇರ ವೇದಿಕೆಗೆ ಹತ್ತಬೇಡಿ. ಮೊದಲು ಎರಡು ಸಲವಾದರೂ ಒಟ್ಟಿಗೆ ಅಭ್ಯಾಸ ಮಾಡಿ, ಯಾರೂ ಇಲ್ಲದ ಕಡೆ. ಪಿಂಕ್ ಫ್ಲಾಯ್ಡ್‌ನವರು ಕೂಡ ಆ ಅರ್ಧ ಗಂಟೆಗೆ ಮೂರು ದಿನ ಅಭ್ಯಾಸ ಮಾಡಿದ್ದರು. ಯಾವ ಹಾಡು ಎಂದು ಕ್ಲಬ್ಬಿನವರು ನಿರ್ಧರಿಸುವುದು ಬೇಡ, ನೀವಿಬ್ಬರೇ ನಿರ್ಧರಿಸಿ. ಅಂದರೆ ಒಂದು ಫೋನ್ ಮಾಡಲೇಬೇಕಾಗುತ್ತದೆ. ಇಷ್ಟು ವರ್ಷದ ನಂತರ ಮೊದಲ ಮಾತು ಏನು ಎಂದು ತಲೆ ಕೆಡಿಸಿಕೊಳ್ಳಬೇಡಿ. ಹಾಡುಗಾರರ ಗಂಟಲು ಐವತ್ತಕ್ಕೆ ಬರುವಾಗ ಸ್ವಲ್ಪ ಇಳಿಯುತ್ತದೆ. ಇಪ್ಪತ್ತೈದರಲ್ಲಿ ಹಾಡಿದ ಎತ್ತರಕ್ಕೆ ಈಗ ಹಾಡುವುದು ಕಷ್ಟ. ಅದು ನಿಮಗೆ ಗೊತ್ತು, ಕ್ಲಬ್ಬಿನವರಿಗೆ ಗೊತ್ತಿಲ್ಲ. ಅದಕ್ಕೇ ನಮಸ್ಕಾರ, ಕ್ಷೇಮ ಎಲ್ಲ ಬಿಟ್ಟು ಇಷ್ಟೇ ಕೇಳಿ: 'ಈಗ ಯಾವ ಸ್ಕೇಲಿನಲ್ಲಿ ಹಾಡ್ತಿ? ನಾನು ಅದಕ್ಕೆ ಟ್ಯೂನ್ ಮಾಡಿ ತರ್ತೇನೆ.'